ಕುರಿಯ ಕಾಲುಮೂಳೆ, ತಿಮಿಂಗಿಲದ ಕಿವಿ: ಒಂಬತ್ತನೇ ತರಗತಿಯಿಂದ ಬಂದ ಒಂದು ಪ್ರಶ್ನೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೇ ತರಗತಿಯಲ್ಲಿ ಪಾಠದ ನಡುವೆ ಮಾತು ಎಲ್ಲಿಂದಲೋ ತಿಮಿಂಗಿಲದ ಕಡೆಗೆ ಹೊರಳಿತು. ತಿಮಿಂಗಿಲದ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಿನಲ್ಲಿ ಓಡಾಡುತ್ತಿದ್ದ ಗೊರಸಿನ ಪ್ರಾಣಿಗಳು, ಕುರಿ, ಹಸು, ಹಂದಿ ಎಲ್ಲ ಅದೇ ದೊಡ್ಡ ಬಳಗದವು ಎಂದೆ. ಇಡೀ ತರಗತಿ ನಕ್ಕಿತು. ಮನೆಯಲ್ಲಿ ನಲವತ್ತು ಕುರಿ ಸಾಕಿರುವ ಹುಡುಗನೊಬ್ಬ ಎದ್ದು ನಿಂತು, “ಮೇಡಂ, ನಮ್ಮ ಕುರಿಗೂ ತಿಮಿಂಗಿಲಕ್ಕೂ ಏನು ನಂಟು? ಯಾರು ನೋಡಿದ್ದಾರೆ?” ಎಂದು ಕೇಳಿದ. ಮೊಬೈಲಿನಲ್ಲಿ ಚಿತ್ರ ತೋರಿಸಿದೆ. “ಚಿತ್ರವನ್ನು ಯಾರು ಬೇಕಾದರೂ ಬರೆಯಬಹುದಲ್ಲ ಮೇಡಂ” ಎಂದ.

ಅವನು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನನಗೂ ಅದು ಪುಸ್ತಕದಲ್ಲಿ ಓದಿದ ಒಂದು ವಾಕ್ಯ ಮಾತ್ರವಾಗಿತ್ತು. ಬರುವ ಶುಕ್ರವಾರ ಮತ್ತೆ ಆ ತರಗತಿಗೆ ಹೋಗಬೇಕು. ಮಕ್ಕಳು ಕೈಯಲ್ಲಿ ಹಿಡಿದು ನೋಡಬಹುದಾದದ್ದು ಏನಾದರೂ ಇದೆಯೇ? ತಿಳಿದವರು ದಯವಿಟ್ಟು ಹೇಳಿ.

ಪಶುವೈದ್ಯ, ಹಾಸನ

ಮೇಡಂ, ಇದೆ. ಅದೂ ನಿಮ್ಮ ಊರಿನ ಮಾಂಸದಂಗಡಿಯಲ್ಲೇ ಇದೆ.

ಕುರಿಯ ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿದಂತೆ ಕಾಣುವ ಒಂದು ಕೀಲು ಇದೆಯಲ್ಲ, ಅದನ್ನು ಹೆಚ್ಚಿನವರು ಮೊಣಕಾಲು ಎಂದುಕೊಳ್ಳುತ್ತಾರೆ. ಅದು ನಿಜಕ್ಕೂ ನಮ್ಮ ಪಾದದ ಕೀಲಿಗೆ ಸಮ. ಅಲ್ಲಿ ಹಿಂದಕ್ಕೆ ಚಾಚಿಕೊಂಡಿರುವ ಮೂಳೆ ನಮ್ಮ ಹಿಮ್ಮಡಿ. ಕುರಿ ಸದಾ ತುದಿಗಾಲಿನಲ್ಲೇ ನಿಂತಿರುವ ಪ್ರಾಣಿ. ಅದರ ಗೊರಸು ಎಂದರೆ ನಮ್ಮ ಉಗುರು. ಆ ಕೀಲಿನ ಒಳಗೆ, ಹೆಬ್ಬೆರಳಿನ ತುದಿಗಿಣ್ಣಿನಷ್ಟು ದೊಡ್ಡದಾದ ಒಂದು ಗಿಡ್ಡ ಮೂಳೆ ಕುಳಿತಿರುತ್ತದೆ. ಅದರ ಹೆಸರು ಆಸ್ಟ್ರಾಗಲಸ್.

ಅಂಗಡಿಯವರಿಗೆ ಮೊದಲೇ ಹೇಳಿಡಿ: ಹಿಂಗಾಲಿನ ಆ ಕೀಲಿಗೆ ಮಚ್ಚು ಹಾಕದೆ ಇಡಿಯಾಗಿ ಕೊಡಬೇಕು. ಇಲ್ಲದಿದ್ದರೆ ಅವರು ಅಭ್ಯಾಸಬಲದಿಂದ ಅಲ್ಲಿಯೇ ಕಡಿಯುತ್ತಾರೆ. ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ನಾರು ಬಿಡಿಸಿ, ಸಾಬೂನಿನ ಪುಡಿ ಬೆರೆಸಿದ ನೀರಿನಲ್ಲಿ ಎರಡು ದಿನ ಇಟ್ಟು, ನೆರಳಿನಲ್ಲಿ ಒಣಗಿಸಿ. ಆಮೇಲೆ ಅದನ್ನು ಎರಡು ಬೆರಳುಗಳ ನಡುವೆ ಹಿಡಿದು ನೋಡಿ. ಮೇಲಿನ ತುದಿಯಲ್ಲಿ ಬಾವಿಯ ರಾಟೆಯಂತೆ ನಡುವೆ ತೋಡು, ಎರಡು ಬದಿಗೆ ದಿಣ್ಣೆ. ತಿರುಗಿಸಿದರೆ ಕೆಳಗಿನ ತುದಿಯಲ್ಲೂ ಇನ್ನೊಂದು ರಾಟೆ. ಒಂದೇ ಮೂಳೆಗೆ ಎರಡು ರಾಟೆ. ಕಾಲು ಒಂದೇ ನೇರದಲ್ಲಿ ಮಡಚಿ ಬಿಚ್ಚಿಕೊಳ್ಳಲು, ಅಡ್ಡಕ್ಕೆ ಹೊರಳದಂತೆ ಹಿಡಿದಿಡಲು ಈ ಏರ್ಪಾಡು.

ಕುದುರೆಯ ಆಸ್ಟ್ರಾಗಲಸ್‌ಗೆ ಮೇಲೆ ಮಾತ್ರ ರಾಟೆ, ಕೆಳಗೆ ಬಹುಮಟ್ಟಿಗೆ ಚಪ್ಪಟೆ. ನಾಯಿಯದು ಕೆಳಗೆ ಗುಂಡಗೆ, ಚೆಂಡಿನ ಹಾಗೆ. ಎರಡು ರಾಟೆ ಇದ್ದರೆ ಅದು ಸಮಬೆರಳಿನ ಗೊರಸಿನ ಗುಂಪಿನದು: ಕುರಿ, ಮೇಕೆ, ಹಸು, ಎಮ್ಮೆ, ಜಿಂಕೆ, ಹಂದಿ, ಒಂಟೆ, ನೀರಾನೆ, ಜಿರಾಫೆ. ಕಾಲೇಜಿನ ಮೊದಲ ವರ್ಷದಲ್ಲಿ ಕಣ್ಣು ಕಟ್ಟಿಸಿ, ಕೈಗೆ ಮೂಳೆ ಕೊಟ್ಟು, ಯಾವ ಪ್ರಾಣಿಯದು ಹೇಳು ಎನ್ನುತ್ತಿದ್ದರು. ಈ ಒಂದು ಮೂಳೆಯಲ್ಲಿ ನಾನು ಎಂದೂ ಸೋತಿಲ್ಲ.

ಪ್ರಾಚೀನ ಗ್ರೀಕರು ಇದನ್ನೇ ದಾಳದಂತೆ ಎಸೆದು ಆಡುತ್ತಿದ್ದರು. ಮಂಗೋಲಿಯಾದಲ್ಲಿ ಇಂದಿಗೂ ಮಕ್ಕಳು ಕುರಿಯ ಇದೇ ಮೂಳೆಯಿಂದ ಆಡುತ್ತಾರೆ. ನಿಮ್ಮ ಮಕ್ಕಳಿಗೂ ಇಷ್ಟವಾಗುತ್ತದೆ.

ತುಂಗಾತೀರ

ವೈದ್ಯರೇ, ತುಂಬ ಉಪಕಾರವಾಯಿತು. ಆದರೆ ತಿಮಿಂಗಿಲಕ್ಕೆ ಹಿಂಗಾಲೇ ಇಲ್ಲವಲ್ಲ! ಆ ಹುಡುಗ ಮುಂದೆ ಕೇಳುವುದು ಇದನ್ನೇ.

ಕಲ್ಲುಸುತ್ತಿಗೆ

ಮೇಡಂ, ಆ ಹುಡುಗನ ಪ್ರಶ್ನೆಯನ್ನೇ ವಿಜ್ಞಾನಿಗಳು ಹತ್ತಾರು ವರ್ಷ ಕೇಳಿಕೊಂಡಿದ್ದರು. ನಾನು ಭೂವಿಜ್ಞಾನ ಓದಿದವನು. ಈ ಕಥೆ ನನಗೆ ಬಹಳ ಹತ್ತಿರದ್ದು, ಸ್ವಲ್ಪ ಉದ್ದವಾಗಿ ಬರೆಯಲು ಅನುಮತಿ ಕೊಡಿ.

1966ರಲ್ಲಿ ಲೀ ವ್ಯಾನ್ ವೇಲನ್ ಎಂಬ ಅಮೆರಿಕದ ವಿಜ್ಞಾನಿ, ತಿಮಿಂಗಿಲಗಳು ಬಂದದ್ದು ಮೆಸೊನಿಕಿಡ್ ಎಂಬ ಅಳಿದುಹೋದ ಪ್ರಾಣಿಗಳಿಂದ ಎಂದು ವಾದಿಸಿದರು. ವಿಚಿತ್ರ ಪ್ರಾಣಿಗಳು ಅವು. ಬೆರಳ ತುದಿಯಲ್ಲಿ ಗೊರಸು, ಬಾಯಲ್ಲಿ ಮಾಂಸ ಹರಿಯುವ ಹಲ್ಲು. ಹಳೆಯ ತಿಮಿಂಗಿಲಗಳ ತ್ರಿಕೋನಾಕಾರದ ಹಲ್ಲುಗಳನ್ನು ಅವುಗಳ ಪಕ್ಕದಲ್ಲಿಟ್ಟರೆ ಹೋಲಿಕೆ ಎದ್ದು ಕಾಣುತ್ತದೆ. ಪಳೆಯುಳಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಳಿಯುವುದು ಹಲ್ಲೇ. ಹಾಗಾಗಿ ಸುಮಾರು ಮೂವತ್ತು ವರ್ಷ ಹೆಚ್ಚಿನವರು ಈ ವಾದವನ್ನೇ ನಂಬಿದರು.

ಇತ್ತ ಪ್ರಯೋಗಾಲಯದವರು ಬೇರೆಯೇ ಮಾತು ಹೇಳುತ್ತಿದ್ದರು. 1950ರಲ್ಲೇ ಬಾಯ್ಡನ್ ಮತ್ತು ಜೆಮೆರಾಯ್ ಎಂಬಿಬ್ಬರು ರಕ್ತಸಾರದ ಪರೀಕ್ಷೆ ನಡೆಸಿ, ತಿಮಿಂಗಿಲದ ನಂಟು ಸಮಬೆರಳಿನ ಗೊರಸಿನವುಗಳ ಜತೆ ಎಂದಿದ್ದರು. 1990ರ ದಶಕದಲ್ಲಿ ಡಿಎನ್ಎ ಅಧ್ಯಯನಗಳು ಇನ್ನೂ ನಿಖರವಾಗಿ ನೀರಾನೆಯ ಕಡೆಗೆ ಬೆರಳು ತೋರಿಸಿದವು. ಹಲ್ಲು ಒಂದು ಹೇಳುತ್ತದೆ, ಡಿಎನ್ಎ ಇನ್ನೊಂದು ಹೇಳುತ್ತದೆ. ಪಂಚಾಯಿತಿ ತೀರ್ಮಾನವಾಗಬೇಕಾದರೆ ಕಾಲಿದ್ದ ತಿಮಿಂಗಿಲದ ಹಿಂಗಾಲಿನ ಆ ಗಿಡ್ಡ ಮೂಳೆ ಸಿಗಬೇಕಿತ್ತು.

2001ರ ಸೆಪ್ಟೆಂಬರಿನಲ್ಲಿ, ಒಂದೇ ವಾರದಲ್ಲಿ, ಎರಡು ತಂಡಗಳು ಅದನ್ನು ಪ್ರಕಟಿಸಿದವು. ಹಾನ್ಸ್ ಥೆವಿಸನ್ ತಂಡದ್ದು ಪಾಕಿಸ್ತಾನದಲ್ಲಿ ಸಿಕ್ಕ ಪಾಕಿಸೀಟಸ್‌ ಮತ್ತು ಅದರ ಹತ್ತಿರದ ಬಂಧುವಿನ ಮೂಳೆಗಳು. ಫಿಲಿಪ್ ಗಿಂಗರಿಚ್ ತಂಡದ್ದು ಬಲೂಚಿಸ್ತಾನದ ಆರ್ಟಿಯೋಸೀಟಸ್ ಮತ್ತು ರೋಡೋಸೀಟಸ್, ಸುಮಾರು 4.7 ಕೋಟಿ ವರ್ಷ ಹಳೆಯವು. ಎರಡು ಕಡೆಯೂ ಆಸ್ಟ್ರಾಗಲಸ್ ಇತ್ತು. ಎರಡು ಕಡೆಯೂ ಮೇಲೊಂದು ರಾಟೆ, ಕೆಳಗೊಂದು ರಾಟೆ. ಕುರಿಯದರ ಹಾಗೆ.

ಗಿಂಗರಿಚ್ ಅದುವರೆಗೆ ಮೆಸೊನಿಕಿಡ್ ಪಕ್ಷದವರಾಗಿದ್ದರು. ಮೂಳೆ ಕೈಗೆ ಬಂದ ಮೇಲೆ ತಮ್ಮ ನಿಲುವನ್ನು ಬಹಿರಂಗವಾಗಿಯೇ ಬದಲಿಸಿದರು. ತರಗತಿಯಲ್ಲಿ ಈ ಮಾತನ್ನು ತಪ್ಪದೆ ಹೇಳಿ ಮೇಡಂ. ವರ್ಷಗಟ್ಟಲೆ ಒಂದು ವಾದವನ್ನು ನಂಬಿದವರು ತಾವೇ ಅಗೆದು ತೆಗೆದ ಒಂದು ಮೂಳೆಯ ಮುಂದೆ ಅದನ್ನು ಕೈಬಿಟ್ಟರು. ನನಗೆ ಇದು ಆ ಶೋಧಕ್ಕಿಂತ ಕಡಿಮೆಯದೇನೂ ಅಲ್ಲ.

ಇನ್ನು ನಮ್ಮ ದೇಶದ ಕಥೆ ಬೇರೆಯೇ ಇದೆ. ಅದು ಕಿವಿಯದು. ರಾತ್ರಿ ಬರೆಯುತ್ತೇನೆ.

ದಂಡೆಮಣ್ಣು

ಕಾಯುತ್ತಿದ್ದೇವೆ ಸರ್.

ಕಲ್ಲುಸುತ್ತಿಗೆ

ಜಮ್ಮುವಿನ ರಜೌರಿ ಜಿಲ್ಲೆಯಲ್ಲಿ ಕಾಲಾಕೋಟ್ ಎಂಬ ಊರಿದೆ. ಹಿಮಾಲಯದ ತಪ್ಪಲು, ಕಲ್ಲಿದ್ದಲಿನ ಸೀಮೆ. ಅಲ್ಲಿ ಎ. ರಂಗರಾವ್ ಎಂಬ ಭಾರತೀಯ ಭೂವಿಜ್ಞಾನಿ ಪಳೆಯುಳಿಕೆ ತುಂಬಿದ ಒಂದು ಪದರವನ್ನು ಪತ್ತೆ ಮಾಡಿದರು. ಕೆಲವು ಹಲ್ಲು, ದವಡೆಯ ಚೂರು ಹಿಡಿದು 1971ರಲ್ಲಿ ಒಂದು ಹೊಸ ಪ್ರಾಣಿಗೆ ‘ಇಂಡೋಹ್ಯೂಸ್’ ಎಂದು ಹೆಸರಿಟ್ಟರು. ಭಾರತದ ಹಂದಿ ಎಂಬ ಅರ್ಥ. ಆ ಪ್ರಬಂಧ ಪ್ರಕಟವಾದದ್ದು ನಮ್ಮ ಬೆಂಗಳೂರಿನಿಂದ ಹೊರಡುವ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಪತ್ರಿಕೆಯಲ್ಲಿ. ಆ ಸಂಪುಟವನ್ನು ವಿದ್ಯಾರ್ಥಿಯಾಗಿದ್ದಾಗ ಗ್ರಂಥಾಲಯದಲ್ಲಿ ಕೈಯಲ್ಲಿ ಹಿಡಿದಿದ್ದೆ. ಅಂಚು ಹಳದಿಯಾಗಿತ್ತು, ಹಲ್ಲಿನ ಚಿತ್ರಗಳ ಪುಟ ಮಾತ್ರ ದಪ್ಪ ಕಾಗದದ್ದು. ಮುಂದೆ ಈ ಗುಂಪಿನ ಪ್ರಾಣಿಗಳ ಕುಟುಂಬಕ್ಕೆ ರಾವ್ ಅವರ ಹೆಸರೇ ಬಂತು: ರಾವೆಲ್ಲಿಡೆ.

ಅವರು ಕಾಲಾಕೋಟ್‌ನಿಂದ ರಾಶಿಗಟ್ಟಲೆ ಕಲ್ಲು ತಂದಿದ್ದರು. ಮೂಳೆಗಳು ಆ ಗಟ್ಟಿ ಕಲ್ಲಿನೊಳಗೆ ಒಂದರ ಮೇಲೊಂದು ಅಡ್ಡಾದಿಡ್ಡಿಯಾಗಿ ಹೂತಿದ್ದವು. ಎಲ್ಲವನ್ನೂ ಬಿಡಿಸುವ ಮೊದಲೇ ರಾವ್ ತೀರಿಕೊಂಡರು. ಕಲ್ಲುಗಳು ಮನೆಯಲ್ಲೇ ಉಳಿದವು. ಬಹಳ ವರ್ಷಗಳ ನಂತರ ಅವರ ಪತ್ನಿ ಆ ಸಂಗ್ರಹವನ್ನು ಥೆವಿಸನ್ ಅವರಿಗೆ ಒಪ್ಪಿಸಿದರು. ಥೆವಿಸನ್ ಅಮೆರಿಕದ ಒಹಾಯೊದಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಅಂಗರಚನೆ ಕಲಿಸುವವರು.

ಅಲ್ಲಿ ಕಲ್ಲು ಬಿಡಿಸುವಾಗ ಸಹಾಯಕರ ಕೈಯಲ್ಲಿ ಒಂದು ತಲೆಬುರುಡೆಯ ಕಿವಿಯ ಭಾಗ ಆಕಸ್ಮಿಕವಾಗಿ ಮುರಿಯಿತು. ಕಿವಿಯ ಬುಡದಲ್ಲಿ ಒಂದು ಟೊಳ್ಳು ಬಟ್ಟಲಿನಂಥ ಮೂಳೆ ಇರುತ್ತದೆ. ಹೆಚ್ಚಿನ ಸಸ್ತನಿಗಳಲ್ಲಿ ಆ ಬಟ್ಟಲಿನ ಗೋಡೆ ಸುತ್ತಲೂ ಮೊಟ್ಟೆಯ ಚಿಪ್ಪಿನಂತೆ ತೆಳುವು. ತಿಮಿಂಗಿಲಗಳಲ್ಲಿ ಮಾತ್ರ ಒಳಬದಿಯ ಅಂಚು ಬೆರಳಿನಂತೆ ದಪ್ಪಗಾಗಿ, ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅದಕ್ಕೆ ಇನ್ವೊಲುಕ್ರಮ್ ಎನ್ನುತ್ತಾರೆ. ಎಷ್ಟೇ ಹಳೆಯ ಪಳೆಯುಳಿಕೆಯಾಗಲಿ, ಈ ದಪ್ಪ ಅಂಚು ಕಂಡರೆ ತಿಮಿಂಗಿಲ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದರು. ಬೇರೆ ಯಾವ ಪ್ರಾಣಿಯಲ್ಲೂ ಅದು ಇರಲಿಲ್ಲ.

ಮುರಿದ ಚೂರಿನ ಅಂಚು ದಪ್ಪಗಿತ್ತು. ಬೆಕ್ಕಿನಷ್ಟು ದೊಡ್ಡ, ಸೀಳುಗೊರಸಿನ, ನೆಲದ ಪ್ರಾಣಿ. ಕಿವಿ ಮಾತ್ರ ತಿಮಿಂಗಿಲದ್ದು.

ಥೆವಿಸನ್, ಸುನೀಲ್ ಬಾಜಪೇಯಿ ಮತ್ತು ಸಂಗಡಿಗರು 2007ರ ಡಿಸೆಂಬರಿನಲ್ಲಿ ಇದನ್ನು ಪ್ರಕಟಿಸಿದರು. ಕಲ್ಲಿನ ವಯಸ್ಸು ಸುಮಾರು 4.8 ಕೋಟಿ ವರ್ಷ. ಮನೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದ ಕಲ್ಲುಗಳನ್ನು ಎಸೆಯದೆ ಕಾಪಾಡಿದ ಆ ಹೆಂಗಸನ್ನು ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕು ಎನ್ನಿಸುತ್ತದೆ.

ಪ್ರಶ್ನಾರ್ಥಕ

ಕಥೆ ಚೆನ್ನಾಗಿದೆ, ಗೌರವವಿದೆ. ಆದರೆ ನನಗೆ ಎರಡು ತಕರಾರುಗಳಿವೆ. ವಾದಕ್ಕಾಗಿ ವಾದವಲ್ಲ, ತಿಳಿಯುವ ಆಸೆ.

ಒಂದು: ಹಲ್ಲಿನ ಹೋಲಿಕೆ ನಂಬಿ ಮೂವತ್ತು ವರ್ಷ ಮೋಸಹೋದರು ಎಂದು ನೀವೇ ಹೇಳಿದಿರಿ. ಹಾಗಾದರೆ ಕಿವಿಯ ಹೋಲಿಕೆಯನ್ನು ಏಕೆ ನಂಬಬೇಕು? ಇಂದು ಹಲ್ಲು ಸುಳ್ಳು ಹೇಳಿದರೆ ನಾಳೆ ಕಿವಿಯೂ ಹೇಳಬಹುದು.

ಎರಡು: ಪಾಕಿಸೀಟಸ್ ಸುಮಾರು 5 ಕೋಟಿ ವರ್ಷ ಹಳೆಯದು ಎಂದು ಓದಿದ ನೆನಪು. ಇಂಡೋಹ್ಯೂಸ್ 4.8 ಕೋಟಿ. ಮಗ ಹುಟ್ಟಿದ ಮೇಲೆ ಅಪ್ಪ ಹುಟ್ಟುವುದು ಹೇಗೆ?

ದೂರದಡ

ಪ್ರಶ್ನಾರ್ಥಕ ಅವರ ಮೊದಲ ತಕರಾರಿಗೆ ನಾನು ಇನ್ನಷ್ಟು ಬಲ ಕೊಡುತ್ತೇನೆ, ಏಕೆಂದರೆ ಅದು ನಿಜವಾಗಿಯೂ ದೊಡ್ಡ ಪ್ರಶ್ನೆ.

ಜರ್ಮನಿಯ ಎಪ್ಪೆಲ್ಸ್‌ಹೈಮ್ ಎಂಬಲ್ಲಿ ಒಂದು ದೊಡ್ಡ ಪಂಜದ ಬೆರಳೆಲುಬು ಸಿಕ್ಕಿತ್ತು. ಫ್ರಾನ್ಸಿನ ಜಾರ್ಜ್ ಕುವಿಯೆ ಆ ಕಾಲದ ಅಂಗರಚನೆಯ ಮಹಾಗುರು. ಒಂದು ಮೂಳೆ ಕೊಟ್ಟರೆ ಇಡೀ ಪ್ರಾಣಿಯನ್ನು ಹೇಳಬಲ್ಲೆ ಎಂಬುದು ಅವರ ಸಿದ್ಧಾಂತ. ಗೊರಸು ಇದ್ದರೆ ಹುಲ್ಲು ಸೊಪ್ಪು ಅಗಿಯುವ ಹಲ್ಲು ಇರಲೇಬೇಕು, ಎಲ್ಲ ಅಂಗಗಳೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ ಎನ್ನುತ್ತಿದ್ದರು. ಆ ಪಂಜ ನೋಡಿ, ಇದು ದೈತ್ಯಾಕಾರದ ಚಿಪ್ಪುಹಂದಿ ಎಂದರು. ಅದೇ ಊರಿನಲ್ಲಿ ಸಿಕ್ಕ ಹಲ್ಲುಗಳನ್ನು ನೋಡಿ ಕೌಪ್ ಎಂಬವರು 1833ರಲ್ಲಿ ಚಾಲಿಕೋಥೀರಿಯಮ್ ಎಂಬ ಸಸ್ಯಾಹಾರಿಯನ್ನು ಹೆಸರಿಸಿದರು. ಹಲ್ಲೂ ಪಂಜವೂ ಒಂದೇ ಪ್ರಾಣಿಯವು ಎಂದು ಯಾರಿಗೂ ಹೊಳೆಯಲಿಲ್ಲ, ಹೊಳೆಯಲು ಸಾಧ್ಯವೂ ಇರಲಿಲ್ಲ. ಫ್ರಾನ್ಸಿನ ಸಾನ್ಸಾನ್‌ನಲ್ಲಿ ಸಿಕ್ಕ ಮೂಳೆಗಳಿಂದ ಫಿಲ್ಹೋಲ್ ಎಂಬವರು ಎರಡನ್ನೂ ಜೋಡಿಸಿದ್ದು 1890ರ ಸುಮಾರಿಗೆ. ಅದು ಕುದುರೆ, ಖಡ್ಗಮೃಗಗಳ ಬಳಗದ ಪ್ರಾಣಿ. ಗೊರಸಿನ ಕುಲದಲ್ಲಿ ಹುಟ್ಟಿ, ಗೊರಸು ಬಿಟ್ಟು, ಕೊಂಬೆ ಎಳೆದುಕೊಳ್ಳಲು ಪಂಜ ಬೆಳೆಸಿಕೊಂಡದ್ದು.

ನೋಡಿ, ಮೆಸೊನಿಕಿಡ್‌ಗೆ ತೋಳದ ಬಾಯಿ, ಗೊರಸಿನ ಕಾಲು. ಚಾಲಿಕೋಥೀರ್‌ಗೆ ಕುದುರೆಯ ಬಳಗದ ಬಾಯಿ, ಚಿಪ್ಪುಹಂದಿಯ ಕಾಲು.

ಇನ್ನೊಂದು ಉದಾಹರಣೆ ದಕ್ಷಿಣ ಅಮೆರಿಕದ್ದು. ಆ ಖಂಡ ಕೋಟಿಗಟ್ಟಲೆ ವರ್ಷ ಸುತ್ತಲೂ ಕಡಲಿನ ನಡುವೆ ಒಂಟಿಯಾಗಿತ್ತು. ಅಲ್ಲಿ ಬೇರೆಯೇ ಗೊರಸಿನ ಪ್ರಾಣಿಗಳು ಬೆಳೆದವು. ಪಟಗೋನಿಯಾದ ಸಾಂತಾ ಕ್ರೂಸ್ ಪದರಗಳಿಂದ ಬಂದ ಥೋಥೀರಿಯಮ್ ಎಂಬ ಪುಟ್ಟ ಪ್ರಾಣಿಯನ್ನು 1887ರಲ್ಲಿ ಫ್ಲೊರೆಂಟಿನೋ ಅಮೆಗಿನೋ ಹೆಸರಿಸಿದರು. ಪ್ರತಿ ಕಾಲಿಗೂ ಒಂದೇ ಗೊರಸು, ಥೇಟು ಕುದುರೆ. ಕುದುರೆಗಾದರೂ ಪಕ್ಕದ ಬೆರಳುಗಳ ಗುರುತಾಗಿ ಎರಡು ಉದ್ದನೆಯ ಕಡ್ಡಿಮೂಳೆ ಉಳಿದಿವೆ. ಥೋಥೀರಿಯಮ್‌ನಲ್ಲಿ ಅವು ಕೂಡ ಸಣ್ಣ ಗುಬಟುಗಳಾಗಿಬಿಟ್ಟಿವೆ. ಹಾಗಂತ ಅದು ಕುದುರೆಯಲ್ಲ. ಬಯಲಿನಲ್ಲಿ ಓಡುವ ಕೆಲಸ ಎರಡು ಬೇರೆ ಖಂಡಗಳಲ್ಲಿ ಒಂದೇ ಬಗೆಯ ಕಾಲನ್ನು ಕಡೆದಿತ್ತು.

ಕಾಲನ್ನೂ ಹಲ್ಲನ್ನೂ ಬದುಕು ತಿದ್ದುತ್ತದೆ. ಹಾಗಾದರೆ ಬದುಕು ತಿದ್ದದ ಮೂಳೆ ಯಾವುದು? ಕಲ್ಲುಸುತ್ತಿಗೆಯವರು ಉತ್ತರಿಸಲಿ.

ಪಶುವೈದ್ಯ, ಹಾಸನ

ಕುದುರೆಯ ಆ ಕಡ್ಡಿಮೂಳೆ ಊದಿಕೊಂಡು ಕುಂಟುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಯಾವುದೋ ಕಾಲದಲ್ಲಿ ಬೆರಳಾಗಿದ್ದದ್ದು ಈಗಲೂ ನೋವು ಕೊಡುತ್ತದೆ.

ಕಲ್ಲುಸುತ್ತಿಗೆ

ಪ್ರಶ್ನಾರ್ಥಕ ಅವರೇ, ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅದು ಸುಲಭ. ಇಂಡೋಹ್ಯೂಸ್ ತಿಮಿಂಗಿಲದ ಅಪ್ಪ ಅಲ್ಲ, ದಾಯಾದಿ. ಎರಡೂ ಕವಲುಗಳು ಇನ್ನೂ ಹಿಂದಿನ ಒಂದು ಮನೆತನದಿಂದ ಬಂದವು. ನಮ್ಮ ಕಡೆ ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬ ಪೇಟೆ ಸೇರಿ ಪೂರ್ತಿ ಬದಲಾಗುತ್ತಾನೆ, ಇನ್ನೊಬ್ಬನ ಮಕ್ಕಳು ಮೊಮ್ಮಕ್ಕಳು ಊರಿನಲ್ಲೇ ಹಳೆಯ ರೀತಿಯಲ್ಲಿ ಇರುತ್ತಾರಲ್ಲವೇ? ಪೇಟೆಯವರ ಅಜ್ಜ ಹೇಗಿದ್ದನೆಂದು ತಿಳಿಯಬೇಕಾದರೆ ಊರಿನ ಕವಲನ್ನು ನೋಡಬೇಕು. ಊರಿನ ಮೊಮ್ಮಗ ಪೇಟೆಯ ದೊಡ್ಡಪ್ಪನಿಗಿಂತ ತಡವಾಗಿ ಹುಟ್ಟಿದ್ದರೆ ಅದರಲ್ಲಿ ವಿರೋಧವೇನಿಲ್ಲ. ಪತ್ರಿಕೆಗಳಲ್ಲಿ ಆಗ ಇದನ್ನು ತಿಮಿಂಗಿಲದ ಪೂರ್ವಜ ಎಂದೇ ಬರೆದರು, ಅದರಿಂದ ಗೊಂದಲವಾಯಿತು.

ಮೊದಲನೆಯದು ಕಠಿಣ. ಯಾವ ಮೂಳೆಯೂ ಹುಟ್ಟಿನಿಂದ ಸತ್ಯವಂತ ಅಲ್ಲ. ಆಸ್ಟ್ರಾಗಲಸ್ ಕೂಡ ಓಟಕ್ಕಾಗಿ ರೂಪುಗೊಂಡ ಮೂಳೆಯೇ. ಆದರೂ ಅದನ್ನು ನಂಬಲು ಕಾರಣ ಇದೆ. ನೀರಿಗಿಳಿದ ಪ್ರಾಣಿಗೆ ಎರಡು ರಾಟೆಯ ಕೀಲಿನಿಂದ ಏನೂ ಪ್ರಯೋಜನವಿಲ್ಲ. ಈಜುವ ಕಾಲು ಅಡ್ಡಕ್ಕೂ ಹೊರಳಿದರೆ ಒಳ್ಳೆಯದು. ಆದರೂ ರೋಡೋಸೀಟಸ್‌ನ ಕಾಲಿನಲ್ಲಿ ಅದು ಇದೆ, ಅಷ್ಟೇ ಅಲ್ಲ, ಅದರ ಮುಂಗಾಲಿನ ನಡುಬೆರಳುಗಳಲ್ಲಿ ಪುಟ್ಟ ಗೊರಸಿನ ಗುರುತೂ ಇದೆ. ಈಗಿನ ಕೆಲಸಕ್ಕೆ ಬೇಡವಾದದ್ದು ಅಂಗದಲ್ಲಿ ಉಳಿದಿದೆ ಎಂದರೆ ಅದು ಹಿಂದಿನವರಿಂದ ಬಂದದ್ದು. ಹಲ್ಲಿನ ವಿಷಯ ಇದಕ್ಕೆ ತಿರುಗುಮುರುಗು. ಮಾಂಸವೋ ಮೀನೋ ತಿನ್ನುವವರಿಗೆಲ್ಲ ಹರಿಯುವ ಹಲ್ಲು ಬೇಕು. ಅದು ನಾಲ್ಕು ಕಡೆ ನಾಲ್ಕು ಸಲ ಬೇರೆ ಬೇರೆಯಾಗಿ ಹುಟ್ಟಬಹುದು.

ಕಿವಿಯ ಬಗ್ಗೆ ನಿಮ್ಮ ಅನುಮಾನ ನ್ಯಾಯವಾದದ್ದು. ದಪ್ಪ ಅಂಚಿಗೂ ನೀರಿನೊಳಗೆ ಸದ್ದು ಕೇಳುವುದಕ್ಕೂ ಸಂಬಂಧವಿದೆ, ಹಾಗಾಗಿ ಅದೂ ಬದುಕು ತಿದ್ದಿದ ಮೂಳೆಯೇ. ಆ ಒಂದನ್ನೇ ಹಿಡಿದು 2007ರ ತಂಡ ವಾದಿಸಿದ್ದರೆ ನಾನು ನಂಬುತ್ತಿರಲಿಲ್ಲ. ಅವರು ಬಾಚಿಹಲ್ಲುಗಳು ದವಡೆಯಲ್ಲಿ ಒಂದರ ಹಿಂದೊಂದು ಸಾಲಾಗಿ ನಿಂತಿರುವುದನ್ನು ನೋಡಿದರು, ಹಿಂದಿನ ಹಲ್ಲುಗಳ ಆಕಾರ ನೋಡಿದರು. ಇಷ್ಟಾದ ಮೇಲೆ ಇಂಡೋಹ್ಯೂಸ್‌ನ ಆಸ್ಟ್ರಾಗಲಸ್ ಕೂಡ ಎರಡು ರಾಟೆಯದೇ.

ನನಗೆ ಬಹಳ ಇಷ್ಟವಾದದ್ದು ಕಾಲಿನ ಉದ್ದಮೂಳೆಯ ಸಂಗತಿ. ಮಾಂಸದೂಟದಲ್ಲಿ ನಲ್ಲಿಮೂಳೆ ಹೀರುವವರಿಗೆ ಗೊತ್ತು: ಕುರಿಯ ಮೂಳೆಯ ಗೋಡೆ ತೆಳು, ನಡುವೆ ಮಜ್ಜೆಗೆ ಧಾರಾಳ ಜಾಗ. ಇಂಡೋಹ್ಯೂಸ್‌ನ ಮೂಳೆಯನ್ನು ಅಡ್ಡಕ್ಕೆ ಕುಯ್ದು ನೋಡಿದಾಗ ಗೋಡೆ ಬಹಳ ದಪ್ಪ, ಮಜ್ಜೆಯ ಜಾಗ ಕಿರಿದು. ಓಡುವ ಪ್ರಾಣಿಗೆ ಇಂಥ ಭಾರದ ಮೂಳೆ ಹೊರೆ. ಆದರೆ ನೀರಿನ ತಳದಲ್ಲಿ ನಡೆಯುವ ನೀರಾನೆಯಂಥ ಪ್ರಾಣಿಗೆ ಅದೇ ಬೇಕು. ತೇಲಿ ಮೇಲೆ ಬರದಂತೆ ಹಿಡಿದಿಡುತ್ತದೆ.

ಆಮೇಲೆ ಹಲ್ಲಿನ ಎನಾಮೆಲ್‌ನಲ್ಲಿರುವ ಆಮ್ಲಜನಕ. ಪ್ರಕೃತಿಯಲ್ಲಿ ಆಮ್ಲಜನಕದ ಹಗುರ ಪರಮಾಣುಗಳೂ ಇವೆ, ಸ್ವಲ್ಪ ಭಾರದವೂ ಇವೆ. ನೆಲದ ಪ್ರಾಣಿಯ ಮೈಯಿಂದ ಬೆವರು, ಉಸಿರಿನಲ್ಲಿ ಹಗುರವಾದದ್ದು ಹೆಚ್ಚು ಆವಿಯಾಗಿ ಹೋಗಿ ಭಾರದ್ದು ಉಳಿಯುತ್ತದೆ. ಸದಾ ನೀರಿನಲ್ಲಿರುವ ಪ್ರಾಣಿಯಲ್ಲಿ ಹಾಗಾಗುವುದು ಕಡಿಮೆ. ಇಂಡೋಹ್ಯೂಸ್‌ನ ಹಲ್ಲಿನಲ್ಲಿ ಸಿಕ್ಕ ಲೆಕ್ಕ ನೀರಿನಲ್ಲಿ ಕಾಲ ಕಳೆದ ಪ್ರಾಣಿಯ ಲೆಕ್ಕ.

ಕಿವಿ, ಮೂಳೆಯ ಗೋಡೆ, ಎನಾಮೆಲ್. ಈ ಮೂರು ಸಾಕ್ಷಿಗಳೂ ಒಂದರ ಮಾತು ಇನ್ನೊಂದು ಕೇಳಿಸಿಕೊಂಡು ಹೇಳಿದವಲ್ಲ. ಬೇರೆ ಬೇರೆ ಕೋಣೆಯಲ್ಲಿ ವಿಚಾರಿಸಿದಾಗ ಒಂದೇ ಮಾತು ಹೇಳಿದವು. ನಾನು ನಂಬುವುದು ಅದಕ್ಕೆ.

ಪ್ರಶ್ನಾರ್ಥಕ

ಒಪ್ಪಿದೆ, ದಾಯಾದಿಯ ವಿವರಣೆ ಚೆನ್ನಾಗಿ ಹಿಡಿಸಿತು. ಆದರೂ ಒಂದು ಮಾತು. ದಕ್ಷಿಣ ಅಮೆರಿಕದ ಪ್ರಾಣಿಗಳ ವಿಷಯದಲ್ಲಿ ಈ ಮೂಳೆಯ ಸಾಕ್ಷಿಗಳೆಲ್ಲ ಸೇರಿಯೂ ತೀರ್ಮಾನಕ್ಕೆ ಬರಲಾಗಲಿಲ್ಲ ಎಂದು ಕೇಳಿದ್ದೇನೆ.

ದೂರದಡ

ನಿಜ. ಅಲ್ಲಿ ಮೂಳೆ ಓದಿದವರು ನೂರೆಂಬತ್ತು ವರ್ಷ ಜಗಳವಾಡಿದರು.

1833ರಲ್ಲಿ ಡಾರ್ವಿನ್ ಈಗಿನ ಉರುಗ್ವೆಯಲ್ಲಿ, ಸರಂಡಿಸ್ ಎಂಬ ಹಳ್ಳದ ಬಳಿ ಒಂದು ತೋಟದ ಮನೆಯಲ್ಲಿ ಖಡ್ಗಮೃಗದಷ್ಟು ದೊಡ್ಡ ಪ್ರಾಣಿಯ ತಲೆಬುರುಡೆಯನ್ನು ಹದಿನೆಂಟು ಪೆನ್ಸ್ ಕೊಟ್ಟು ಕೊಂಡರು. ಸಿಕ್ಕಾಗ ಇಡಿಯಾಗಿತ್ತಂತೆ. ಊರಿನ ಹುಡುಗರು ಅದನ್ನು ಗುರಿಯಾಗಿಟ್ಟು ಕಲ್ಲು ಹೊಡೆದು ಹಲ್ಲುಗಳನ್ನು ಉದುರಿಸಿದ್ದರು. ಅಲ್ಲಿಂದ ಸುಮಾರು 180 ಮೈಲಿ ದೂರದ ನದಿಯ ದಂಡೆಯಲ್ಲಿ ಡಾರ್ವಿನ್‌ಗೆ ಸಿಕ್ಕಿದ್ದ ಒಂದು ಬಿಡಿ ಹಲ್ಲು ಆ ಬುರುಡೆಯ ಗೂಡಿಗೆ ಸರಿಯಾಗಿ ಕೂತಿತು! ಅದೇ ಟಾಕ್ಸೋಡಾನ್. ಪಟಗೋನಿಯಾದಲ್ಲಿ ಅವರಿಗೆ ಸಿಕ್ಕ ಇನ್ನೊಂದು ಉದ್ದ ಕತ್ತಿನ ಪ್ರಾಣಿ ಮಾಕ್ರಾಕೇನಿಯಾ. ಲಂಡನ್ನಿನ ರಿಚರ್ಡ್ ಓವನ್ ಎರಡಕ್ಕೂ ಹೆಸರು ಕೊಟ್ಟರು. ಟಾಕ್ಸೋಡಾನ್‌ನಲ್ಲಿ ಇಲಿಯಂಥ ದಂಶಕಗಳ ಲಕ್ಷಣ ಕಂಡು ಸ್ವತಃ ಓವನ್ ಬೆರಗಾದರು, ಮಾಕ್ರಾಕೇನಿಯಾ ಒಂಟೆಯ ಬಂಧುವಿನಂತೆ ಕಂಡಿತು. ಕೆಲವರು ಇವೆಲ್ಲ ಆಫ್ರಿಕಾದ ಆನೆಯ ಬಳಗಕ್ಕೆ ಹತ್ತಿರ ಎಂದರು.

ತೀರ್ಮಾನ ಬಂದದ್ದು 2015ರಲ್ಲಿ. ಟಾಕ್ಸೋಡಾನ್ ಮತ್ತು ಮಾಕ್ರಾಕೇನಿಯಾ ಕೊನೆಯ ಹಿಮಯುಗದವರೆಗೂ ಬದುಕಿದ್ದವು, ಹಾಗಾಗಿ ಮೂಳೆಯೊಳಗಿನ ಕೊಲಾಜೆನ್ ಎಂಬ ಪ್ರೋಟೀನು ಉಳಿದಿತ್ತು. ಅದರ ಜೋಡಣೆಯನ್ನು ಓದಿದಾಗ ಎರಡೂ ಕುದುರೆ, ಖಡ್ಗಮೃಗ, ಟೇಪಿರ್‌ಗಳ ನೆಂಟರು ಎಂದು ಗೊತ್ತಾಯಿತು. 2017ರಲ್ಲಿ ಮಾಕ್ರಾಕೇನಿಯಾದ ಡಿಎನ್ಎ ಅದನ್ನೇ ಹೇಳಿತು. ಎರಡು ಕವಲು ಬೇರೆಯಾದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ.

ಆದರೆ ಈ ಅನುಕೂಲ ಇಂಡೋಹ್ಯೂಸ್‌ಗೆ ಇಲ್ಲ. 4.8 ಕೋಟಿ ವರ್ಷದ ಮೂಳೆಯಲ್ಲಿ ಡಿಎನ್ಎ ಉಳಿಯುವುದಿಲ್ಲ. ಅಲ್ಲಿ ಮೂಳೆಯನ್ನೇ ಓದಬೇಕು, ಬೇರೆ ದಾರಿಯಿಲ್ಲ. ಅದಕ್ಕೇ ಕಾಲಾಕೋಟ್‌ನ ಒಂದೊಂದು ಚೂರಿಗೂ ಅಷ್ಟು ಬೆಲೆ.

ದಂಡೆಮಣ್ಣು

ಶಿವಾಲಿಕ್ ಬೆಟ್ಟಗಳ ಶಿವಥೀರಿಯಮ್ ಕೂಡ ಇದೇ ತಿಮಿಂಗಿಲದ ಕಥೆಗೆ ಸೇರುತ್ತದೆಯೇ? ಹೆಸರು ಕೇಳಿದಾಗಿನಿಂದ ಕುತೂಹಲ.

ಕಲ್ಲುಸುತ್ತಿಗೆ

ಇಲ್ಲ, ಅದು ಜಿರಾಫೆಯ ಕುಟುಂಬದ್ದು, ಬಹಳ ಈಚಿನದು. ಫಾಲ್ಕನರ್ ಮತ್ತು ಕಾಟ್ಲಿ 1836ರಲ್ಲಿ ಹೆಸರಿಸಿದರು. ಶಿವನ ಪ್ರಾಣಿ ಎಂಬ ಅರ್ಥ. ಗಂಡಿಗೆ ಹಣೆಯ ಮೇಲೆ ಎರಡು, ನೆತ್ತಿಯ ಮೇಲೆ ಅಗಲವಾದ ಎರಡು ಕೊಂಬು. ತೂಕ ಸಾವಿರ ಕಿಲೋ ದಾಟಿತ್ತು ಎಂದು 2016ರಲ್ಲಿ ಮೂಳೆಗಳ ಗಣಕ ಮಾದರಿ ಮಾಡಿ ಅಂದಾಜಿಸಿದ್ದಾರೆ. ಬೇರೆ ಎಳೆ ಶುರುಮಾಡಿ, ಅಲ್ಲಿ ಮಾತನಾಡೋಣ.

ಅಡಿಕೆತೋಟ

ನಾನು ವಿಜ್ಞಾನ ಓದಿದವನಲ್ಲ, ತೀರ್ಥಹಳ್ಳಿ ಕಡೆಯ ಕೃಷಿಕ. ಇಂಡೋಹ್ಯೂಸ್‌ನ ವರ್ಣನೆ ಓದುತ್ತಾ ಹೋದಂತೆ ನಮ್ಮ ಬರ್ಕದ ನೆನಪಾಯಿತು. ತುಳುವಿನಲ್ಲಿ ಬರಿಂಕ ಎನ್ನುತ್ತಾರೆ. ಮೊಲಕ್ಕಿಂತ ತುಸು ದೊಡ್ಡದು, ಕೊಂಬಿಲ್ಲ, ಗಂಡಿಗೆ ಮೇಲ್ದವಡೆಯಿಂದ ಸಣ್ಣ ಕೋರೆ ಇಳಿದಿರುತ್ತದೆ. ಮೈಮೇಲೆ ಬಿಳಿ ಚುಕ್ಕೆ, ಪಟ್ಟೆ.

ಕಳೆದ ಮಳೆಗಾಲದಲ್ಲಿ ರಾತ್ರಿ ತೋಟದ ನೀರು ತಿರುಗಿಸಲು ಹೋದಾಗ ಟಾರ್ಚಿನ ಬೆಳಕಿಗೆ ಒಂದು ಸಿಕ್ಕಿತು. ಹಳ್ಳದ ಅಂಚಿನಲ್ಲಿ ಒಂದು ಕಾಲು ಎತ್ತಿ ಹಾಗೆಯೇ ನಿಂತುಬಿಟ್ಟಿತು. ಕಾಲು ಎಷ್ಟು ಸಣ್ಣದೆಂದರೆ ನನ್ನ ಪೆನ್ನಿನ ದಪ್ಪ. ಗೊರಸು ಸೀಳಿತ್ತು, ಹಿಂದೆ ಎರಡು ಪುಟ್ಟ ಗೊರಸು ಬೇರೆ. ಮೂಗು ನಡುಗುತ್ತಿತ್ತು. ಟಾರ್ಚು ಆರಿಸಿ ನಿಂತೆ. ನೀರು ಕಲಕಿದ ಸದ್ದು ಕೇಳಿಸಿತು, ಬೆಳಕು ಹಾಕಿದರೆ ಇರಲಿಲ್ಲ. ದಾಟಿ ಓಡಿತೋ, ಹಳ್ಳದಲ್ಲೇ ಮುಳುಗಿತೋ ತಿಳಿಯಲಿಲ್ಲ.

ಕಲ್ಲುಸುತ್ತಿಗೆ

ಸರ್, ನೀವು ಎಂಥ ಸಂಗತಿ ಬರೆದಿರಿ ಗೊತ್ತೇ! ಇಂಡೋಹ್ಯೂಸ್ ಹೇಗೆ ಬದುಕಿತ್ತು ಎಂದು ವಿವರಿಸುವಾಗ ಆ ವಿಜ್ಞಾನಿಗಳು ಹೋಲಿಸಿದ್ದು ನಿಮ್ಮ ಬರ್ಕದ ಆಫ್ರಿಕಾದ ಬಂಧುವಿಗೆ. ಅಲ್ಲಿನ ನೀರುಬರ್ಕ ಹಣ್ಣು ಸೊಪ್ಪು ತಿನ್ನುವುದು ದಡದಲ್ಲಿ. ಹದ್ದೋ ಬೇರೆ ಬೇಟೆಗಾರನೋ ಬಂದರೆ ನೇರ ನೀರಿಗೆ ಹಾರಿ ಮುಳುಗುತ್ತದೆ. ಬೋರ್ನಿಯೊ, ಶ್ರೀಲಂಕಾಗಳ ಬರ್ಕಗಳೂ ಅಪಾಯ ಬಂದಾಗ ನೀರಿನೊಳಗೆ ಅಡಗುವುದನ್ನು 2010ರ ಸುಮಾರಿಗೆ ವರದಿ ಮಾಡಿದ್ದಾರೆ.

ಇಂಡೋಹ್ಯೂಸ್‌ನ ಹಲ್ಲೂ ಎನಾಮೆಲ್‌ನ ಇಂಗಾಲದ ಲೆಕ್ಕವೂ ಅದು ಮೀನು ತಿನ್ನುತ್ತಿತ್ತು ಎಂದು ಹೇಳುವುದಿಲ್ಲ. ಹಾಗಾಗಿ ಆ ಕುಲ ಮೊದಲು ನೀರಿಗಿಳಿದದ್ದು ಊಟಕ್ಕಲ್ಲ, ಜೀವ ಉಳಿಸಿಕೊಳ್ಳಲು ಎಂಬುದು 2007ರ ತಂಡದ ಅಭಿಪ್ರಾಯ. ನೀರಿನ ಊಟ ಆಮೇಲೆ ಬಂತು, ಪಾಕಿಸೀಟಸ್‌ನ ಕವಲಿನಲ್ಲಿ.

ಪಶುವೈದ್ಯ, ಹಾಸನ

ನೀರಾನೆಯ ವಿಷಯ ಬಿಟ್ಟುಹೋಯಿತು. ಮಕ್ಕಳು “ಹಾಗಾದರೆ ತಿಮಿಂಗಿಲ ನೀರಾನೆಯಿಂದ ಬಂತೇ?” ಎಂದು ಕೇಳಿಯೇ ಕೇಳುತ್ತಾರೆ.

ಕಲ್ಲುಸುತ್ತಿಗೆ

ಬರಲಿಲ್ಲ. ಇಂದು ಬದುಕಿರುವವುಗಳಲ್ಲಿ ತಿಮಿಂಗಿಲಕ್ಕೆ ಅತಿ ಹತ್ತಿರದ ನೆಂಟ ನೀರಾನೆ, ಅಷ್ಟೇ. ಆದರೆ ತಿಮಿಂಗಿಲದ ಕವಲು 5 ಕೋಟಿ ವರ್ಷ ಹಳೆಯದು. ನೀರಾನೆ ಕುಟುಂಬದ ಖಚಿತ ಮೂಳೆಗಳು ಆಫ್ರಿಕಾದಲ್ಲಿ ಬಹಳ ತಡವಾಗಿ ಕಾಣಿಸಿಕೊಳ್ಳುತ್ತವೆ. ನಡುವಿನ ಆ ದೊಡ್ಡ ಖಾಲಿ ಜಾಗದಲ್ಲಿ ಆಂತ್ರಕೋಥೀರ್ ಎಂಬ ಅಳಿದುಹೋದ ಗುಂಪು ನಿಲ್ಲುತ್ತದೆ. 2015ರಲ್ಲಿ ಕೆನ್ಯಾದ ಎಪಿರಿಜೆನಿಸ್ ಎಂಬ 2.8 ಕೋಟಿ ವರ್ಷದ ಪ್ರಾಣಿಯ ಹಲ್ಲುಗಳು ಆ ಕೊಂಡಿಯನ್ನು ಗಟ್ಟಿಮಾಡಿದವು. ಅದೂ ಆಕಾರದಲ್ಲಿ ನೀರಾನೆಯಲ್ಲ. ಹಿಂದಕ್ಕೆ ಹೋದಷ್ಟೂ ಇವತ್ತಿನ ಯಾವ ಮುಖವೂ ಕಾಣುವುದಿಲ್ಲ.

ತುಂಗಾತೀರ

ಇಂದು ಶುಕ್ರವಾರ. ತರಗತಿ ಮುಗಿಸಿ ನೇರ ಇಲ್ಲಿಗೆ ಬಂದಿದ್ದೇನೆ.

ಅಂಗಡಿಯವರು ಎರಡು ಕೀಲು ಕೊಟ್ಟಿದ್ದರು, ಹಣ ತೆಗೆದುಕೊಳ್ಳಲಿಲ್ಲ. ಒಂದು ಮೂಳೆ ಬೇಯುವಾಗ ಸ್ವಲ್ಪ ಸವೆಯಿತು, ಇನ್ನೊಂದು ಬೆಳ್ಳಗೆ ಚೆನ್ನಾಗಿ ಬಂತು. ಏನೂ ಹೇಳದೆ ಮೊದಲ ಬೆಂಚಿಗೆ ಕೊಟ್ಟು ಹಿಂದಕ್ಕೆ ಸಾಗಿಸಿ ಎಂದೆ. ಕುರಿ ಸಾಕುವ ಮನೆಯ ಹುಡುಗ ಅದನ್ನು ಕೈಗೆ ತೆಗೆದುಕೊಂಡ ಕೂಡಲೇ, “ಇದು ನಮ್ಮ ಕುರಿಯದು ಮೇಡಂ, ಹಿಂಗಾಲಿನದು” ಎಂದ. ಅವನಿಗೆ ನಾನು ಹೇಳಬೇಕಾದದ್ದು ಏನೂ ಇರಲಿಲ್ಲ. ಎರಡು ರಾಟೆಯನ್ನು ತಾನೇ ತೋರಿಸಿದ, ತನ್ನ ಬೆರಳಿನ ಗೆಣ್ಣನ್ನು ಅದರ ತೋಡಿನಲ್ಲಿಟ್ಟು ಹಿಂದೆ ಮುಂದೆ ಆಡಿಸಿ, ಕಾಲು ಹೀಗೆ ಮಡಚುತ್ತದೆ ಎಂದು ಉಳಿದವರಿಗೆ ವಿವರಿಸಿದ.

ಆಮೇಲೆ ಕಲ್ಲಿನೊಳಗೆ ಸಿಕ್ಕ ತಿಮಿಂಗಿಲದ ಮೂಳೆಯ ಫೋಟೊವನ್ನು ಕೊಟ್ಟೆ. ಕುರಿಯ ಮೂಳೆಯನ್ನು ಅದರ ಪಕ್ಕದಲ್ಲಿಟ್ಟು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದ. ಈ ಸಲ ಯಾರೂ ನಗಲಿಲ್ಲ. ರಂಗರಾವ್ ಅವರ ಕಲ್ಲುಗಳ ಕಥೆ ಹೇಳಿದಾಗ ಹಿಂದಿನ ಬೆಂಚಿನವರೂ ಮುಂದೆ ಬಂದು ಕೂತಿದ್ದರು. ಗಿಂಗರಿಚ್ ಅವರ ಮಾತನ್ನೂ ಹೇಳಿದೆ.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ನನ್ನ ಹಿಂದೆಯೇ ಶಿಕ್ಷಕರ ಕೊಠಡಿಯವರೆಗೆ ಬಂದಳು. “ಮೇಡಂ, ಕಾಲು ನೋಡಿದೆವು. ಕಿವಿಯ ಬಟ್ಟಲು ಕುರಿಯಲ್ಲಿ ತೆಳುವಾಗಿದೆ ಎಂದಿರಲ್ಲ, ಅದನ್ನು ನೋಡಲಿಲ್ಲ” ಎಂದಳು. ವೈದ್ಯರೇ, ತಲೆಬುರುಡೆಯಿಂದ ಅದನ್ನು ಬಿಡಿಸುವುದು ನನ್ನ ಕೈಲಿ ಆಗುವ ಕೆಲಸವೇ?

ಪಶುವೈದ್ಯ, ಹಾಸನ

ಮೇಡಂ, ನೀವು ಮಾಡಬೇಡಿ, ಚಿಪ್ಪು ಪುಡಿಯಾಗುತ್ತದೆ. ನನ್ನ ಬಳಿ ಒಣಗಿಸಿಟ್ಟ ಕುರಿಯ ಬುರುಡೆ ಒಂದಿದೆ. ಒಂದು ಬದಿಯ ಬಟ್ಟಲನ್ನು ಸಣ್ಣ ಗರಗಸದಿಂದ ಕುಯ್ದು, ಗೋಡೆ ಕಾಣುವಂತೆ ಮಾಡಿ ಕೊಡುತ್ತೇನೆ. ಇನ್ನೊಂದು ಬದಿ ಹಾಗೆಯೇ ಇರಲಿ. ಮುಂದಿನ ಶನಿವಾರ ಶಿವಮೊಗ್ಗಕ್ಕೆ ಬರುವ ಕೆಲಸವಿದೆ, ಬೆಳಗಿನ ತರಗತಿಯಿದ್ದರೆ ನಾನೇ ಶಾಲೆಗೆ ತರುತ್ತೇನೆ. ಆ ಹುಡುಗಿಗೆ ಒಂದು ಭೂತಕನ್ನಡಿ ಇಟ್ಟುಕೊಂಡಿರಲು ಹೇಳಿ.